ಎರಡು ಬಲ್ಬುಗಳ ನಡುವೆ

ಗಾಡಿ ಸ್ಟಾರ್ಟ್ ಆಗದಿದ್ದರೆ ನಮ್ಮ ಕಡೆ ಮೊದಲು ಬೈಸಿಕೊಳ್ಳುವುದು ಬ್ಯಾಟರಿ. ಬ್ಯಾಟರಿ ಸರಿಯಿದೆ ಎಂದಾದರೆ ಸೆಲ್ಫ್ ಮೋಟಾರು, ಅದೂ ಸರಿಯಿದ್ದರೆ ಕಾಯಿಲ್, ಪಾಯಿಂಟ್, ಪೆಟ್ರೋಲ್ ಪಂಪು. ಕೀಲಿ ತೂರಿಸುವ ಆ ಸಣ್ಣ ಸ್ವಿಚ್ಚಿನ ಸರದಿ ಬರುವ ಹೊತ್ತಿಗೆ ಮಾಲೀಕನ ಜೇಬು ಖಾಲಿಯಾಗಿರುತ್ತದೆ. ದಿನವೂ ಕೈ ಹಾಕುವ ವಸ್ತುವಾದರೂ ಅದು ಸವೆಯುತ್ತದೆ, ಸುಡುತ್ತದೆ, ಕಿಲುಬು ಹಿಡಿಯುತ್ತದೆ ಎಂದು ಯಾರಿಗೂ ಹೊಳೆಯುವುದಿಲ್ಲ. ಅದರ ಮೇಲೆ ಅನುಮಾನಪಡುವುದನ್ನೂ ಆ ಅನುಮಾನವನ್ನು ಸಾಬೀತು ಮಾಡುವುದನ್ನೂ ನಾನು ಕಲಿತದ್ದು ಸಾಗರದ ಬಿ.ಎಚ್. ರಸ್ತೆಯ ಬದಿಯ ಒಂದು ತಗಡಿನ ಶೆಡ್ಡಿನಲ್ಲಿ, ಎಂಬತ್ತರ ದಶಕದ ಕೊನೆಯಲ್ಲಿ.

ಶೆಡ್ಡಿನ ಯಜಮಾನರನ್ನು ಊರೆಲ್ಲ ಉಸ್ತಾದ್ ಎಂದೇ ಕರೆಯುತ್ತಿತ್ತು. ಅವರು ಎಂಜಿನ್ನಿಗೆ ಕೈ ಹಾಕುತ್ತಿರಲಿಲ್ಲ. ಡೈನಮೊ ವೈಂಡಿಂಗ್, ಸೆಲ್ಫ್ ರಿಪೇರಿ, ಬ್ಯಾಟರಿ ಚಾರ್ಜ್, ವೈರಿಂಗ್ ಇಷ್ಟೇ ಕೆಲಸ. ಬೇರೆ ಗ್ಯಾರೇಜಿನವರು ಕೈಚೆಲ್ಲಿದ ಗಾಡಿಗಳು ಹಗ್ಗ ಕಟ್ಟಿಸಿಕೊಂಡು ಅಲ್ಲಿಗೆ ಬರುತ್ತಿದ್ದವು. ಪಿಯುಸಿ ಮುಗಿಸಿ ಮುಂದೇನು ಎಂದು ತೋಚದೆ ಇದ್ದ ನನ್ನನ್ನು ಅಪ್ಪ ಒಂದು ಬೆಳಿಗ್ಗೆ ಅವರ ಎದುರು ನಿಲ್ಲಿಸಿದರು. "ಕೈ ಸುಮ್ನೆ ಇಡ್ಬೇಡ, ಕಣ್ಣು ಸುಮ್ನೆ ಇಡ್ಬೇಡ, ಬಾಯಿ ಸುಮ್ನಿದ್ರೆ ಸಾಕು" ಎಂದು ಉಸ್ತಾದ್ ಒಂದು ಇಕ್ಕಳ ಕೊಟ್ಟರು.

ಅವರ ಮುಖ್ಯ ಆಯುಧ ಒಂದು ಟೆಸ್ಟ್ ಲ್ಯಾಂಪ್. ಇಂಡಿಕೇಟರಿಗೆ ಹಾಕುವ 12 ವೋಲ್ಟಿನ 21 ವ್ಯಾಟ್ ಬಲ್ಬು, ಹೋಲ್ಡರು, ಎರಡು ಉದ್ದ ವೈರು. ಒಂದರ ತುದಿಗೆ ಮೊಸಳೆ ಕ್ಲಿಪ್ಪು, ಇನ್ನೊಂದಕ್ಕೆ ಚೂಪು ಮಾಡಿದ ಸೈಕಲ್ ಕಡ್ಡಿ. ಕ್ಲಿಪ್ಪನ್ನು ಬಾಡಿಗೆ ಸಿಕ್ಕಿಸಿ ಕಡ್ಡಿಯನ್ನು ಬೇಕಾದ ಕಡೆ ಮುಟ್ಟಿಸಿದರೆ ಅಲ್ಲಿಗೆ ಕರೆಂಟು ಬಂದಿದೆಯೋ ಇಲ್ಲವೋ ತಿಳಿಯುತ್ತದೆ. ಡ್ಯಾಶ್‌ಬೋರ್ಡಿನ ಸಣ್ಣ ಬಲ್ಬು ಹಾಕಿದರೆ ಸಾಲದೇ ಎಂದು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರದ ಬೆಲೆ ನನಗೆ ಗೊತ್ತಾದದ್ದು ವರ್ಷಗಳ ಮೇಲೆ: "ಸಣ್ಣ ಬಲ್ಬು ಭಿಕ್ಷೆ ಬೇಡ್ತದೆ, ಎಷ್ಟು ಕೊಟ್ರೂ ಹತ್ತುತದೆ. ದೊಡ್ಡದು ಲೆಕ್ಕ ಕೇಳ್ತದೆ."

ಆ ಲೆಕ್ಕ ಇಷ್ಟು. 21 ವ್ಯಾಟಿನ ಬಲ್ಬು ಎರಡು ಆಂಪಿಯರಿನ ಹತ್ತಿರ ಕರೆಂಟು ಎಳೆಯುತ್ತದೆ. ಸ್ವಿಚ್ಚಿನ ಒಳಗಿನ ಹಿತ್ತಾಳೆ ಚೂರು ಅರ್ಧ ಸುಟ್ಟಿದ್ದರೆ ಅಷ್ಟು ಕರೆಂಟು ದಾಟಲು ತಿಣುಕುತ್ತದೆ, ಬಲ್ಬು ಮಂಕಾಗುತ್ತದೆ. ಮುಂದೆ ಡಿಜಿಟಲ್ ಮಲ್ಟಿಮೀಟರುಗಳು ಬಂದಾಗ ಹೊಸ ಹುಡುಗರು ಎಡವುತ್ತಿದ್ದುದು ಇಲ್ಲಿಯೇ. ಆ ಮೀಟರಿನ ಒಳಗಿನ ರೆಸಿಸ್ಟೆನ್ಸ್ ಸಾಮಾನ್ಯವಾಗಿ ಒಂದು ಕೋಟಿ ಓಮ್. ಅದು ಎಳೆಯುವ ಕರೆಂಟು ಇಲ್ಲವೆಂಬಷ್ಟು ಕಡಿಮೆ. ಹಾಗಾಗಿ ಕೂದಲೆಳೆಯಷ್ಟು ತಾಗಿಕೊಂಡಿರುವ ಸುಟ್ಟ ಕಾಂಟ್ಯಾಕ್ಟಿನ ಆಚೆಯೂ ಅದು 12 ವೋಲ್ಟ್ ತೋರಿಸುತ್ತದೆ. ತೋಟಕ್ಕೆ ನೀರು ಹಾಯಿಸುವವರಿಗೆ ಇದು ತಕ್ಷಣ ಅರ್ಥವಾಗುತ್ತದೆ: ಪೈಪಿನ ನಡುವೆ ಕಸ ಕಟ್ಟಿದ್ದರೂ ತುದಿಯ ನಲ್ಲಿ ಮುಚ್ಚಿದ್ದಾಗ ಪ್ರೆಶರ್ ಪೂರ್ತಿ ಇರುತ್ತದೆ, ನಲ್ಲಿ ತಿರುಗಿಸಿದಾಗಲೇ ಬಣ್ಣ ಬಯಲಾಗುವುದು. ಮೀಟರು ಬಳಸಬಾರದೆಂದಲ್ಲ, ನಾನೂ ಬಳಸುತ್ತೇನೆ. ಆದರೆ ಹೆಡ್‌ಲೈಟು, ಬ್ಲೋವರು ಎಲ್ಲ ಹಾಕಿ, ಮೀಟರಿನ ಒಂದು ಕಡ್ಡಿಯನ್ನು ಸ್ವಿಚ್ಚಿಗೆ ಕರೆಂಟು ಬರುವ ಟರ್ಮಿನಲ್ಲಿಗೂ ಇನ್ನೊಂದನ್ನು ಹೊರಡುವ ಟರ್ಮಿನಲ್ಲಿಗೂ ಇಡಬೇಕು. ಒಳ್ಳೆಯ ಸ್ವಿಚ್ಚಿನಲ್ಲಿ ಅಲ್ಲಿ ಕಾಣುವುದು ಸೊನ್ನೆಯ ಹತ್ತಿರದ ಅಂಕಿ. ಅರ್ಧ ವೋಲ್ಟ್ ಕಂಡರೆ ಆ ಸ್ವಿಚ್ಚಿನ ಆಯುಸ್ಸು ಮುಗಿಯುತ್ತ ಬಂದಿದೆ ಎಂದೇ ಲೆಕ್ಕ.

ಆಗಿನ ಗಾಡಿಗಳಲ್ಲಿ ಕೀ ಸ್ವಿಚ್ಚಿನ ಹಿಂದೆ ನಾಲ್ಕು ಟರ್ಮಿನಲ್ ಇರುವುದು ಸಾಮಾನ್ಯ. ಒಂದಕ್ಕೆ ಬ್ಯಾಟರಿಯ ಕರೆಂಟು ಸದಾ ಬಂದು ನಿಂತಿರುತ್ತದೆ. ಕೀಲಿಯ ಮೊದಲ ಮನೆಯಲ್ಲಿ ರೇಡಿಯೊದಂಥವು, ಎರಡನೆಯದರಲ್ಲಿ ಕಾಯಿಲ್ ಮತ್ತು ಡ್ಯಾಶ್‌ಬೋರ್ಡಿನ ದೀಪಗಳು, ಮೂರನೆಯದರಲ್ಲಿ ಸೆಲ್ಫ್. ಈ ಮೂರನೆಯ ಮನೆಯಲ್ಲಿ ಮಾತ್ರ ಕೀಲಿ ನಿಲ್ಲುವುದಿಲ್ಲ, ಬಿಟ್ಟರೆ ಸ್ಪ್ರಿಂಗು ಎರಡನೆಯದಕ್ಕೆ ತಳ್ಳುತ್ತದೆ. ಸೆಲ್ಫ್ ಮೋಟಾರಿಗೆ ನೂರಕ್ಕೂ ಹೆಚ್ಚು ಆಂಪಿಯರ್ ಬೇಕು. ಅಷ್ಟು ಕರೆಂಟನ್ನು ಇಷ್ಟು ಚಿಕ್ಕ ಸ್ವಿಚ್ಚು ತಾಳದು. ಆದ್ದರಿಂದ ಅದು ಸೋಲಿನಾಯ್ಡಿಗೆ ಸುದ್ದಿ ಮುಟ್ಟಿಸುತ್ತದೆ, ದಪ್ಪ ಕೇಬಲ್ಲಿನ ಕರೆಂಟನ್ನು ಸೋಲಿನಾಯ್ಡು ಮೋಟಾರಿಗೆ ಬಿಡುತ್ತದೆ. ಈ ನಕ್ಷೆ ತಲೆಯಲ್ಲಿದ್ದರೆ ಬಾನೆಟ್ ಎತ್ತುವ ಮೊದಲೇ ಅರ್ಧ ಕೆಲಸ ಮುಗಿಯುತ್ತದೆ.

ನನಗೆ ಇದು ಮನದಟ್ಟಾದದ್ದು ಜೋಗಕ್ಕೆ ಪ್ರವಾಸಿಗಳನ್ನು ಒಯ್ಯುತ್ತಿದ್ದ ಒಂದು ಬಾಡಿಗೆ ವ್ಯಾನಿನಿಂದ. ಡ್ರೈವರನೇ ಮಾಲೀಕ, ಸಾಲ ಮಾಡಿ ಕೊಂಡ ಗಾಡಿ. ಹೊಸ ಬ್ಯಾಟರಿ, ಹೊಸ ಕಾಯಿಲ್ ಹಾಕಿಸಿ, ಕಾರ್ಬ್ಯುರೇಟರ್ ಬಿಚ್ಚಿಸಿ, ಪೆಟ್ರೋಲ್ ಪಂಪನ್ನೂ ಬದಲಿಸಿಕೊಂಡೇ ನಮ್ಮಲ್ಲಿಗೆ ಬಂದಿದ್ದ.

"ಉಸ್ತಾದ್‌ರೆ, ತಾಳಗುಪ್ಪ ದಾಟಿದ್ ಮೇಲೆ ಎಲ್ಲಾದ್ರೂ ಒಂದ್ ಕಡೆ ಆಫ್ ಆಗ್ತದೆ. ಸ್ವಲ್ಪ ಹೊತ್ತು ಬಿಟ್ಟು ಕೀ ಹಾಕಿದ್ರೆ ಏನೂ ಆಗೇ ಇಲ್ಲ ಅನ್ನೋ ಹಂಗೆ ಸ್ಟಾರ್ಟು. ಪ್ಯಾಸೆಂಜರು ಬೈತಾರೆ."

ಉಸ್ತಾದ್ ಬೀಡಿ ಪಕ್ಕಕ್ಕಿಟ್ಟರು. "ಆಫ್ ಆದಾಗ ಹಾರ್ನ್ ಹೊಡೀತದಾ?"

"ಹೊಡೀತದೆ."

"ಡ್ಯಾಶ್‌ಬೋರ್ಡಲ್ಲಿ ಕೆಂಪು ಲೈಟು? ಕೀ ಮುಟ್ಟೋಕ್ಕಿಂತ ಮೊದ್ಲು ನೋಡಿದ್ದಾ?"

ಡ್ರೈವರ್ ಯೋಚಿಸಿದ. "ಇಲ್ಲ ಮಾರಾಯ್ರೆ. ಯಾವ ಲೈಟೂ ಇರಲ್ಲ. ಕತ್ತಲೆ."

ಬೇರೆ ಯಾರೂ ಅವನನ್ನು ಈ ಪ್ರಶ್ನೆ ಕೇಳಿರಲಿಲ್ಲ. ಪೆಟ್ರೋಲ್ ಕೈಕೊಟ್ಟು ಎಂಜಿನ್ ನಿಂತರೆ ಕೀಲಿ ಆನ್ ಆಗಿಯೇ ಇರುತ್ತದೆ. ಆಗ ಚಾರ್ಜಿನ ಕೆಂಪು ದೀಪ, ಆಯಿಲ್ ಪ್ರೆಶರಿನ ದೀಪ ತಾವಾಗಿಯೇ ಹತ್ತಿಕೊಳ್ಳಬೇಕು. ಅವು ಹತ್ತದೆ ಎಂಜಿನ್ ನಿಂತಿತೆಂದರೆ ಕೀಲಿಯಿಂದ ಹೊರಡುವ ಕರೆಂಟೇ ಕಡಿದಿದೆ. ಅವನ ಗಾಡಿಯಲ್ಲಿ ಹಾರ್ನಿಗೆ ಕರೆಂಟು ಬರುವುದು ಕೀಲಿಯ ಹಂಗಿಲ್ಲದೆ, ನೇರ ಬ್ಯಾಟರಿಯ ಕಡೆಯಿಂದ. ಅದು ಕೂಗುತ್ತದೆ ಎಂದರೆ ಬ್ಯಾಟರಿ, ಅರ್ಥ್ ಎರಡೂ ಗಟ್ಟಿ. ಪಂಪಿಗೆ, ಕಾರ್ಬ್ಯುರೇಟರಿಗೆ ಅವನು ಸುರಿದ ದುಡ್ಡು ವ್ಯರ್ಥ ಎಂಬುದು ಈ ಎರಡು ಪ್ರಶ್ನೆಗಳಲ್ಲೇ ತೀರ್ಮಾನವಾಗಿತ್ತು. ಅವನ ಮುಖ ನೋಡಿ ನನಗೆ ಸಂಕಟವಾಯಿತು. ಆ ಸಂಕಟ ಇವತ್ತಿಗೂ ಇದೆ. ಕೇಳದೆ ಬಿಚ್ಚುವ ರಿಪೇರಿಯನ್ನು ನಾನು ರಿಪೇರಿ ಎಂದು ಒಪ್ಪುವುದಿಲ್ಲ.

ಆದರೂ ಉಸ್ತಾದ್ ಸ್ವಿಚ್ಚೇ ಎಂದು ಹೇಳಲಿಲ್ಲ. ಸ್ವಿಚ್ಚಿನ ತನಕ ಬರುವ ವೈರು ಕಡಿದಿರಬಹುದು, ಕಪ್ಲರಿನ ಲಗ್ಗು ಸಡಿಲವಿರಬಹುದು, ಅಲ್ಲಿಂದ ಕಾಯಿಲ್ಲಿಗೆ ಹೋಗುವ ದಾರಿಯಲ್ಲಿ ಎಲ್ಲಾದರೂ ಉಜ್ಜಿ ಹೋಗಿರಬಹುದು. ಶೆಡ್ಡಿನಲ್ಲಿ ನಿಂತಾಗ ಗಾಡಿ ಒಳ್ಳೆಯ ಹುಡುಗನ ಹಾಗೆ ಓಡುತ್ತಿತ್ತು. ಬಂದು ಹೋಗುವ ಫಾಲ್ಟನ್ನು ನಿಂತ ಗಾಡಿಯಲ್ಲಿ ಹುಡುಕುವುದು ಹೊತ್ತು ಕಳೆಯುವ ಕೆಲಸ. ಉಸ್ತಾದ್ ಎರಡು ಬಲ್ಬು ತೆಗೆದರು. ಸ್ಟೀರಿಂಗ್ ಕೆಳಗಿನ ಕವರು ಬಿಚ್ಚಿ, ಸ್ವಿಚ್ಚಿಗೆ ಕರೆಂಟು ಬರುವ ಟರ್ಮಿನಲ್ಲಿಗೆ ಒಂದನ್ನು, ಕಾಯಿಲ್ಲಿಗೆ ಹೊರಡುವ ಟರ್ಮಿನಲ್ಲಿಗೆ ಇನ್ನೊಂದನ್ನು ಕಟ್ಟಿದರು. ಎರಡರದ್ದೂ ಅರ್ಥನ್ನು ಒಂದೇ ಬೋಲ್ಟಿಗೆ ಬಿಗಿದರು. ಬಲ್ಬುಗಳನ್ನು ನನ್ನ ಕೈಗೆ ಕೊಟ್ಟು ಡ್ರೈವರ್ ಪಕ್ಕ ಕೂರಿಸಿದರು. "ರಸ್ತೆ ನೋಡ್ಬೇಡ. ಬಲ್ಬೇ ನೋಡು. ಯಾವ್ದು ಮೊದ್ಲು ಹೋಯ್ತು ಅಷ್ಟೇ ಹೇಳು."

ಆಗ ಜೋಗದ ರಸ್ತೆ ಹೊಂಡ ಬಿದ್ದು ಹೋಗಿತ್ತು, ನಮಗೆ ಬೇಕಿದ್ದದ್ದೂ ಅದೇ. ತಾಳಗುಪ್ಪ ದಾಟಿ ಸ್ವಲ್ಪ ದೂರದಲ್ಲಿ ಮುಂದಿನ ಚಕ್ರ ಹೊಂಡಕ್ಕೆ ಇಳಿದು ಎದ್ದಿತು. ನನ್ನ ಬಲಗೈಯ ಬಲ್ಬು, ಕಾಯಿಲ್ಲಿನ ಕಡೆಯದು, ಒಮ್ಮೆ ಮಿಣಕಿ ಆರಿತು. ಎಡಗೈಯದ್ದು ಉರಿಯುತ್ತಲೇ ಇತ್ತು. ಅದಾದ ಮೇಲೆ ಎಂಜಿನ್ ಸದ್ದು ನಿಂತಿತು. ಹಿಂದೆ ಕೂತಿದ್ದ ಉಸ್ತಾದ್, "ಯಾರೂ ಕೀ ಮುಟ್ಬೇಡಿ" ಎಂದು ಮುಂದಕ್ಕೆ ಬಗ್ಗಿ, ಕೀಲಿಯನ್ನು ತಿರುಗಿಸದೆ ಬೆರಳಲ್ಲಿ ಪಕ್ಕಕ್ಕೆ ಒತ್ತಿದರು. ಬಲಗೈ ಬಲ್ಬು ಹತ್ತಿತು. ಬಿಟ್ಟರು, ಆರಿತು. ಕರೆಂಟು ಸ್ವಿಚ್ಚಿನ ಬಾಗಿಲ ತನಕ ಬಂದು ಒಳಗೆ ಸಾಯುತ್ತಿದೆ ಎಂಬುದಕ್ಕೆ ಇನ್ನು ಬೇರೆ ಸಾಕ್ಷಿ ಬೇಕಿರಲಿಲ್ಲ.

ವಾಪಸು ಬಂದು, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಸ್ವಿಚ್ಚು ತೆಗೆದು ಮೇಜಿನ ಮೇಲಿಟ್ಟು ಬಿಡಿಸಿದೆವು. ಕೀಲಿ ತೂರುವ ಬ್ಯಾರಲ್ ಬೇರೆ, ಹಿಂದಿನ ಕರೆಂಟಿನ ಭಾಗ ಬೇರೆ. ಬ್ಯಾರಲ್ಲಿನಲ್ಲಿ ಕೀಲಿ ಲೊಡಲೊಡ ಆಡುತ್ತಿತ್ತು. ಹಿಂದಿನ ಭಾಗದಲ್ಲಿ ತಿರುಗುವ ಹಿತ್ತಾಳೆ ತಟ್ಟೆಯ ಒಂದು ಮೂಲೆ ಕಪ್ಪಾಗಿ ಗುಳಿ ಬಿದ್ದಿತ್ತು. ಅದು ಕೂರುವ ಪ್ಲಾಸ್ಟಿಕ್ಕು ಕರಗಿ ಓರೆಯಾಗಿತ್ತು. ಗ್ರೀಸು ಒಣಗಿ ಮಸಿಯಾಗಿತ್ತು.

ಕಾರಣವೂ ಅಲ್ಲೇ ಇತ್ತು. ಆಗುಂಬೆ ಕಡೆಯಲ್ಲಿ ಮಂಜಿಗೆ ಬೇಕೆಂದು ಹಿಂದಿನ ಮಾಲೀಕ ಎರಡು ಫಾಗ್ ಲ್ಯಾಂಪು ಹಾಕಿಸಿದ್ದ, ಜೊತೆಗೊಂದು ಟೇಪ್ ರೆಕಾರ್ಡರು. ಎಲ್ಲವನ್ನೂ ಕಾಯಿಲ್ಲಿನ ಟರ್ಮಿನಲ್ಲಿಗೇ ಸುತ್ತಿ ಬಿಟ್ಟಿದ್ದರು. 55 ವ್ಯಾಟಿನ ಎರಡು ಲ್ಯಾಂಪೆಂದರೆ ಒಂಬತ್ತು ಆಂಪಿಯರ್, ಕಾಯಿಲ್ಲಿನದು ಬೇರೆ. ಕಾಂಟ್ಯಾಕ್ಟು ಸ್ವಲ್ಪ ಮಸಿ ಹಿಡಿದು ಓಮಿನ ಹತ್ತನೇ ಒಂದು ಭಾಗದಷ್ಟು ರೆಸಿಸ್ಟೆನ್ಸ್ ಬಂತೆಂದುಕೊಳ್ಳಿ. ಹತ್ತು ಆಂಪಿಯರ್ ಹರಿದಾಗ ಅಲ್ಲೇ ಒಂದು ವೋಲ್ಟ್ ಹೋಯಿತು, ಹತ್ತು ವ್ಯಾಟ್ ಶಾಖ ಹುಟ್ಟಿತು. ನಮ್ಮ ಶೆಡ್ಡಿನ ಸೋಲ್ಡರಿಂಗ್ ಕಡ್ಡಿಯೇ 25 ವ್ಯಾಟಿನದು. ಬೆರಳ ಗಾತ್ರದ ಪ್ಲಾಸ್ಟಿಕ್ ಡಬ್ಬಿಯೊಳಗೆ ಹತ್ತು ವ್ಯಾಟ್ ಕೂತರೆ ಅದು ಕರಗದೆ ಇನ್ನೇನಾಗುತ್ತದೆ? ಶಾಖ ಹೆಚ್ಚಿದಷ್ಟೂ ಸ್ಪ್ರಿಂಗು ಸಡಿಲ, ಸ್ಪ್ರಿಂಗು ಸಡಿಲವಾದಷ್ಟೂ ಕಿಡಿ, ಕಿಡಿ ಹಾರಿದಷ್ಟೂ ಮಸಿ.

ಡ್ರೈವರ್ ಹೊಸ ಸ್ವಿಚ್ಚಿನ ಬೆಲೆ ಕೇಳಿ, "ಒಂದು ಟಾಗಲ್ ಸ್ವಿಚ್ಚೂ ಒಂದು ಪುಶ್ ಬಟನ್ನೂ ಹಾಕಿ ನೇರ ಮಾಡಿಬಿಡಿ ಉಸ್ತಾದ್‌ರೆ" ಎಂದ. ಹಾಗೆ ಮಾಡಿದ ಗಾಡಿಗಳು ಆಗ ಬೇಕಾದಷ್ಟು ಓಡುತ್ತಿದ್ದವು. ಉಸ್ತಾದ್ ಒಪ್ಪಲಿಲ್ಲ. "ಕೀ ಇಲ್ದೆ ಗಾಡಿ ಹೊರಟ್ರೆ ಕಳ್ಳನಿಗೂ ಹೊರಡ್ತದೆ. ನಿಂಗೆ ಮಕ್ಳು ಇದಾವೆ, ಬಟನ್ ಒತ್ತಿ ನೋಡ್ತಾವೆ." ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಸ್ವಿಚ್ಚು ಬರುವ ತನಕ ಗಾಡಿ ನಿಂತಿತು. ಬಂದ ಮೇಲೆ ಫಾಗ್ ಲ್ಯಾಂಪಿಗೆ ಬ್ಯಾಟರಿಯಿಂದ ಬೇರೆ ವೈರು ಎಳೆದು, ಫ್ಯೂಸು, ರಿಲೇ ಹಾಕಿದೆವು. ರಿಲೇಯ ಸುರುಳಿಗೆ ಬೇಕಾದದ್ದು ಒಂದು ಆಂಪಿಯರಿನ ಸಣ್ಣ ಪಾಲು, ಆ ಭಾರ ಕೀಲಿಗೆ ಗೊತ್ತೇ ಆಗುವುದಿಲ್ಲ. ಹಳೆಯ ಸ್ವಿಚ್ಚನ್ನು ಎಮ್ರಿ ಪೇಪರಿನಲ್ಲಿ ಉಜ್ಜಿ ಮತ್ತೆ ಹಾಕಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಊರು ಮುಟ್ಟಲು ಅದು ಸಾಕು. ಗುಳಿ ಬಿದ್ದ ತಟ್ಟೆ, ಸತ್ತ ಸ್ಪ್ರಿಂಗು ಹೆಚ್ಚು ದಿನ ಬಾಳವು.

ಇನ್ನೊಂದು ಬಗೆಯ ಫಾಲ್ಟನ್ನು ಉಸ್ತಾದ್ ಕೂತಲ್ಲಿಂದಲೇ ಹೇಳುತ್ತಿದ್ದರು. ಒಬ್ಬ ವೈದ್ಯರ ಕಾರಿನ ಎಂಜಿನ್ ಸೆಲ್ಫ್ ಹೊಡೆದಾಗ ಹೊತ್ತಿಕೊಳ್ಳುತ್ತಿತ್ತು, ಕೀಲಿ ಬಿಟ್ಟ ಕೂಡಲೇ ಆರುತ್ತಿತ್ತು. ಮತ್ತೆ ಹೊಡೆದರೆ ಮತ್ತೆ ಅದೇ ಕಥೆ. ಅಂಥ ಕಾರುಗಳಲ್ಲಿ ಕಾಯಿಲ್ಲಿಗೆ ಎರಡು ದಾರಿ. ಓಡುವಾಗ ಬ್ಯಾಲಸ್ಟ್ ರೆಸಿಸ್ಟರ್ ಎಂಬ ತಡೆಯ ಮೂಲಕ ಕಡಿಮೆ ವೋಲ್ಟು ಸಿಗುತ್ತದೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ವೋಲ್ಟು ಕುಸಿಯುವುದರಿಂದ ತಡೆಯನ್ನು ತಪ್ಪಿಸಿ ನೇರ ಕೊಡುತ್ತಾರೆ. ಸೆಲ್ಫಿನಲ್ಲಿ ಹೊತ್ತಿ, ಬಿಟ್ಟಾಗ ಆರಿದರೆ ನೇರ ದಾರಿ ಸರಿಯಿದೆ, ಓಡುವ ದಾರಿ ಕಡಿದಿದೆ. ರೆಸಿಸ್ಟರ್ ಸುಟ್ಟಿರಬೇಕು, ಇಲ್ಲವೇ ಸ್ವಿಚ್ಚಿನ ಎರಡನೇ ಮನೆ. ಕೀಲಿ ಆನ್ ಮಾಡಿ ರೆಸಿಸ್ಟರಿನ ಬುಡಕ್ಕೆ ಬಲ್ಬು ಮುಟ್ಟಿಸಿದರು, ಹತ್ತಲಿಲ್ಲ. ಸ್ವಿಚ್ಚು.

ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಇಂಥ ಕೆಲಸ ದುಪ್ಪಟ್ಟಾಗುತ್ತಿತ್ತು. ಅಡಿಕೆ ತೋಟದವರ ಜೀಪುಗಳಿಗೆ ಪಕ್ಕದ ಪರದೆಯೂ ಇರುತ್ತಿರಲಿಲ್ಲ. ನೀರು ಸ್ಟೀರಿಂಗ್ ಬಳಿ ಇಳಿದು ಟರ್ಮಿನಲ್ಲುಗಳ ಮೇಲೆ ಹಸಿರು ಕಿಲುಬು ಕಟ್ಟುತ್ತಿತ್ತು. ಕಪ್ಲರು ಎಳೆದರೆ ತಾಮ್ರದ ಎಳೆ ಹಸಿರು ಪುಡಿಯಾಗಿ ಉದುರುತ್ತಿತ್ತು. ಡೀಸೆಲ್ ಗಾಡಿಗೆ ಕಿಡಿ ಬೇಡ, ಅದಕ್ಕೆ ಕೀ ಸ್ವಿಚ್ಚಿನ ಕಾಟವಿಲ್ಲ ಎಂದು ನಂಬಿದವರಿದ್ದರು. ಹಳೆಯ ಜೀಪುಗಳನ್ನು ಆಫ್ ಮಾಡಲು ಗುಬ್ಬಿ ಹಿಡಿದು ಎಳೆಯಬೇಕಿತ್ತು, ಅಲ್ಲಿ ಅವರ ಮಾತು ನಿಜ. ಡೀಸೆಲ್ ಪಂಪಿನ ಮೇಲೆ ಕರೆಂಟಿನಿಂದ ತೆರೆಯುವ ಸೋಲಿನಾಯ್ಡು ಬಂದ ಮೇಲೆ ಆ ನಂಬಿಕೆ ನಡೆಯಲಿಲ್ಲ. ಕೀಲಿಯಿಂದ ಕರೆಂಟು ತಪ್ಪಿದರೆ ಡೀಸೆಲ್ಲೂ ನಿಲ್ಲುತ್ತದೆ.

ಕೀಲಿ ತಿರುಗಿಸಿದರೆ ಎಂಜಿನ್ ಹೊತ್ತುವುದು ನಮಗೆ ಸಹಜವಾಗಿದೆ, ಆದರೆ ಅದು ಅಷ್ಟು ಹಳೆಯದಲ್ಲ. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂತು. ಅದಕ್ಕೆ ಮೊದಲು ಹ್ಯಾಂಡಲ್ಲು ಹಾಕಿ ತಿರುಗಿಸಬೇಕಿತ್ತು. ನಮ್ಮ ಅಂಬಾಸಿಡರ್ ಕಾರುಗಳ ಡಿಕ್ಕಿಯಲ್ಲೂ ಆ ಹ್ಯಾಂಡಲ್ಲು ಬಹುಕಾಲ ಇತ್ತು. ಹೆಬ್ಬೆರಳನ್ನು ಸುತ್ತಿ ಹಿಡಿಯಬಾರದು, ಎಂಜಿನ್ ಹಿಂದಕ್ಕೆ ಒದ್ದರೆ ಮೂಳೆ ಮುರಿಯುತ್ತದೆ ಎಂದು ಉಸ್ತಾದ್ ನನಗೂ ಹೇಳಿಕೊಟ್ಟಿದ್ದರು.

ಶೆಡ್ಡು ಬಿಟ್ಟು ಬೇರೆ ಉದ್ಯೋಗ ಹಿಡಿದು ವರ್ಷಗಳಾದ ಮೇಲೆ, 2014ರಲ್ಲಿ, ಅಮೆರಿಕದ ಸುದ್ದಿಯೊಂದು ನನ್ನನ್ನು ಮತ್ತೆ ಆ ಮೇಜಿನ ಮುಂದೆ ಕೂರಿಸಿತು. ಜನರಲ್ ಮೋಟಾರ್ಸ್ ಕಂಪನಿ ಸುಮಾರು 26 ಲಕ್ಷ ಕಾರುಗಳನ್ನು ಇಗ್ನಿಷನ್ ಸ್ವಿಚ್ಚಿನ ದೋಷಕ್ಕಾಗಿ ವಾಪಸು ಕರೆಸಿತು. ಸ್ವಿಚ್ಚಿನೊಳಗೆ ಕೀಲಿಯನ್ನು ಆಯಾ ಮನೆಯಲ್ಲಿ ಹಿಡಿದಿಡುವ ಸಣ್ಣ ಕಡ್ಡಿ ಮತ್ತು ಸ್ಪ್ರಿಂಗು ಬೇಕಾದಷ್ಟು ಬಿಗಿ ಇರಲಿಲ್ಲ. ಮೊಣಕಾಲು ತಗುಲಿದರೆ, ಕೀ ಗೊಂಚಲಿನ ಭಾರಕ್ಕೆ ಕುಲುಕಿದರೆ, ಓಡುವ ಕಾರಿನ ಕೀಲಿ ಹಿಂದಿನ ಮನೆಗೆ ಜಾರುತ್ತಿತ್ತು. ಎಂಜಿನ್ ನಿಲ್ಲುತ್ತಿತ್ತು, ಸ್ಟೀರಿಂಗ್ ಕಲ್ಲಾಗುತ್ತಿತ್ತು, ಡಿಕ್ಕಿಯಾದರೆ ಏರ್‌ಬ್ಯಾಗು ತೆರೆಯುತ್ತಿರಲಿಲ್ಲ. ಕಂಪನಿಯ ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳೇ 124.

ಅದನ್ನು ಬಯಲಿಗೆಳೆದ ಬಗೆ ನನಗೆ ಮುಖ್ಯ. 2010ರಲ್ಲಿ ಜಾರ್ಜಿಯಾದಲ್ಲಿ ಇಂಥದೊಂದು ಕಾರಿನ ಅಪಘಾತದಲ್ಲಿ ಸತ್ತ ಒಬ್ಬ ಯುವತಿಯ ತಂದೆತಾಯಿ ಹೂಡಿದ ಮೊಕದ್ದಮೆಗಾಗಿ ಫ್ಲಾರಿಡಾದ ಒಬ್ಬ ಎಂಜಿನಿಯರ್ ಆ ಕಾರಿನ ಸ್ವಿಚ್ಚನ್ನು ಬಿಚ್ಚಿ ಪರೀಕ್ಷಿಸಿದ. ಮೂವತ್ತು ಡಾಲರಿನ ಆಸುಪಾಸು ಕೊಟ್ಟು ಅಂಗಡಿಯಿಂದ ಹೊಸದೊಂದನ್ನು ತಂದು ಪಕ್ಕದಲ್ಲಿಟ್ಟ. ಪಾರ್ಟ್ ನಂಬರು ಎರಡಕ್ಕೂ ಒಂದೇ. ಆದರೆ ಹೊಸದರ ಕಡ್ಡಿ ಉದ್ದವಿತ್ತು, ಸ್ಪ್ರಿಂಗು ಬಿಗಿಯಿತ್ತು. ನಂಬರು ಬದಲಿಸದೆ ಒಳಗಿನದನ್ನು ತಿದ್ದಿದ್ದರು. ಆ ವ್ಯತ್ಯಾಸ ಹಿಡಿದದ್ದು ಕಾಗದಪತ್ರವಲ್ಲ, ಬಿಚ್ಚಿ ಪಕ್ಕಪಕ್ಕ ಇಟ್ಟು ನೋಡಿದ ಕಣ್ಣು.

ದುರಸ್ತಿಯಾಗುವ ತನಕ ಕೀಲಿಯೊಂದನ್ನೇ ಬಳಸಿ, ಗೊಂಚಲಿನಲ್ಲಿ ಬೇರೇನೂ ಇಡಬೇಡಿ ಎಂದು ಆ ಕಂಪನಿ ಮಾಲೀಕರಿಗೆ ಹೇಳಿತು. ಓದಿದಾಗ ನನಗೆ ಹೆಗಡೆಯವರೊಬ್ಬರ ಜೀಪು ಕಣ್ಣಿಗೆ ಕಟ್ಟಿತು. ಮನೆ, ಅಡಿಕೆ ಉಗ್ರಾಣ, ಪಂಪ್‌ಸೆಟ್ ಶೆಡ್ಡು, ಗೋಡ್ರೇಜ್ ಬೀರು, ಎಲ್ಲದರ ಕೀಲಿಗಳೂ ಜೀಪಿನ ಕೀಲಿಗೆ ಜೋತು ಬಿದ್ದಿರುತ್ತಿದ್ದವು. ಹೊಂಡ ಹಾರಿದಾಗಲೆಲ್ಲ ಆ ಗೊಂಚಲು ಬ್ಯಾರಲ್ಲನ್ನು ಎಳೆಯುತ್ತಿತ್ತು. ಉಸ್ತಾದ್ ಸ್ವಿಚ್ಚು ಬದಲಿಸಿ, ಜೀಪಿನ ಕೀಲಿಯೊಂದನ್ನು ಬೇರೆ ಮಾಡಿ ಕೈಗಿಟ್ಟು, "ಉಗ್ರಾಣದ ಕೀ ಸೊಂಟಕ್ಕೆ ಸಿಕ್ಕಿಸ್ಕೊಳ್ಳಿ ಹೆಗ್ಡೇರೆ, ಜೀಪಿಗೆ ಬೇಡ" ಎಂದಿದ್ದರು. ಯಾವ ಕಂಪನಿಯ ಪತ್ರವೂ ಬರುವ ಮೊದಲು, ಸವೆದ ಹಿತ್ತಾಳೆಯನ್ನು ನೋಡಿಯೇ ಅವರು ಅದನ್ನು ಕಂಡುಕೊಂಡಿದ್ದರು.

ಈಗ ಹಲವು ಕಾರುಗಳಲ್ಲಿ ಕೀಲಿಯ ಜಾಗಕ್ಕೆ ಬಟನ್ ಬಂದಿದೆ, ಕೀಲಿಯಿದ್ದರೂ ಅದರೊಳಗೊಂದು ಚಿಪ್ಪು ಇರುತ್ತದೆ. ಚಿಪ್ಪನ್ನು ಗಾಡಿ ಗುರುತಿಸದಿದ್ದರೆ ಸ್ವಿಚ್ಚು ಎಷ್ಟೇ ಚೆನ್ನಾಗಿದ್ದರೂ ಎಂಜಿನ್ ಹೊತ್ತದು. ಅಂಥವಕ್ಕೆ ಸ್ಕ್ಯಾನರ್ ಬೇಕು, ಬಲ್ಬಿನ ಕೆಲಸವಲ್ಲ. ಆದರೆ ಕೀಲಿ ತಿರುಗಿಸುವ ವ್ಯಾನು, ಆಟೊ, ಬೈಕು, ಟ್ರ್ಯಾಕ್ಟರುಗಳು ನಮ್ಮ ರಸ್ತೆಯಲ್ಲಿ ಇನ್ನೂ ತುಂಬಿವೆ, ಅವುಗಳ ದುಡಿಮೆಯಲ್ಲೇ ಬದುಕುವ ಮನೆಗಳೂ ಇವೆ.

ಆ ಮನೆಗಳವರಿಗೆ ನನ್ನದೊಂದು ಕೋರಿಕೆ. ಗಾಡಿ ದಾರಿಯಲ್ಲಿ ನಿಂತರೆ ಮೊದಲು ಸುರಕ್ಷಿತವಾಗಿ ಪಕ್ಕಕ್ಕೆ ಸೇರಿಸಿ. ಉರುಳುತ್ತಿರುವಾಗ ಕೀಲಿ ಕೀಳಬೇಡಿ, ಸ್ಟೀರಿಂಗ್ ಲಾಕ್ ಬೀಳುತ್ತದೆ. ನಿಂತ ಮೇಲೆ ಕೀಲಿ ಮುಟ್ಟುವ ಮೊದಲು ಡ್ಯಾಶ್‌ಬೋರ್ಡಿನ ಕೆಂಪು ದೀಪ ಇದೆಯೇ ನೋಡಿ, ಹಾರ್ನ್ ಒತ್ತಿ ನೋಡಿ, ಕಂಡದ್ದನ್ನು ಹಾಗೆಯೇ ರಿಪೇರಿಯವರಿಗೆ ಹೇಳಿ. ಬ್ಯಾಟರಿಯನ್ನೋ ಕಾಯಿಲ್ಲನ್ನೋ ಬದಲಿಸಬೇಕೆಂದರೆ, ಬಲ್ಬು ಹಚ್ಚಿ ತೋರಿಸಿ ಎಂದು ಕೇಳಿ. ಮತ್ತು ಇವತ್ತೇ, ಇದನ್ನು ಓದಿ ಏಳುವಾಗ, ಗಾಡಿಯ ಕೀಲಿಯನ್ನು ಗೊಂಚಲಿನಿಂದ ಬಿಚ್ಚಿ ಬೇರೆ ಇಡಿ.